ಕಣ್ಣಿನ ಅಂಚಿನ ತಾಮ್ರ

ಅಕ್ಕನ ದೊಡ್ಡ ಮಗಳ ಕಣ್ಣಿನಲ್ಲಿದ್ದ ಕಂದು ಬಳೆಯನ್ನು ಮೊದಲು ಕಂಡವರು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ನಾನೇ ಕಂಡೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗ ಚಿತ್ರವೂ ಸ್ಪಷ್ಟವಾಗಿರುತ್ತದೆ: ಶಾಲೆಯ ಜಗಲಿ, ಓರೆ ಬಿಸಿಲು, ತಲೆ ಎತ್ತಿ ನಿಂತ ಹುಡುಗಿ. ಅಕ್ಕ ಮಾತ್ರ, "ನೀನೆಲ್ಲಿದ್ಯೋ ಅವತ್ತು? ಪರೀಕ್ಷೆ ಡ್ಯೂಟಿ ಅಂತ ಕಾಲೇಜಲ್ಲೇ ಇದ್ದೆ" ಎನ್ನುತ್ತಾಳೆ. ರಸಾಯನಶಾಸ್ತ್ರದ ಪಾಠ ಮಾಡುತ್ತಾ, ಪುರಾವೆಯಿಲ್ಲದ್ದನ್ನು ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವನ ನೆನಪಿನ ಗತಿ ಇದು.

ಹುಡುಗಿ ಆಗ ಹತ್ತನೇ ತರಗತಿ. ಬಲಗೈ ನಡುಗಲು ಶುರುವಾಗಿ ಕೆಲವು ತಿಂಗಳಾಗಿತ್ತು. ಮುತ್ತಿನಂತಿದ್ದ ಅಕ್ಷರ ಮೊದಲು ಸಣ್ಣದಾಯಿತು, ಆಮೇಲೆ ಸಾಲು ಬಿಟ್ಟು ಓಡತೊಡಗಿತು. ಮಾತು ತೊದಲುತ್ತಿತ್ತು. ಪರೀಕ್ಷೆಯ ಹೆದರಿಕೆ ಎಂದರು ಮೇಷ್ಟ್ರು. ನರದ ನಿಶ್ಶಕ್ತಿ ಎಂದು ಒಬ್ಬ ವೈದ್ಯರು ಟಾನಿಕ್ ಬರೆದುಕೊಟ್ಟರು. ಅಕ್ಕ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. ನಾನು ಅವಳನ್ನು ಗೇಲಿ ಮಾಡಿ, ಮೇಷ್ಟ್ರ ಪಕ್ಷ ವಹಿಸಿದೆ. ನನ್ನ ಬಳಿಯೂ ಪುರಾವೆ ಇರಲಿಲ್ಲ.

ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದದ್ದು ಕನ್ನಡಕ ಬೇಕಾದ ಮಕ್ಕಳನ್ನು ಹುಡುಕಲು. ಬಂದಿದ್ದವರು ಒಬ್ಬ ಮಧ್ಯವಯಸ್ಸಿನ ಹೆಂಗಸು, ಕೈಯಲ್ಲಿ ಸಣ್ಣ ಟಾರ್ಚು. ಹುಡುಗಿಯ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರಂತೆ. ಮತ್ತೆ ನೋಡಿದರಂತೆ. ಆಮೇಲೆ ಕಣ್ಣಿನ ಮಾತು ಬಿಟ್ಟು, "ಪುಟ್ಟಾ, ಕೈ ನಡುಗುತ್ತಾ ನಿಂಗೆ?" ಎಂದು ಕೇಳಿದರಂತೆ. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ನಿಂತಿದ್ದಳು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಇದನ್ನು ನಾನು ನೋಡಿದೆನೋ, ಕೇಳಿದೆನೋ, ಈಗ ಬೇರ್ಪಡಿಸಲಾರೆ. ಆದರೆ ಕಣ್ಣನ್ನು ನೋಡಿ ಕೈಯ ವಿಷಯ ಕೇಳಿದ ಆ ಹೆಂಗಸನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅವರು ಕೊಟ್ಟ ಚೀಟಿ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ನಾನಿದ್ದೆ, ಅದು ಖಂಡಿತ. ಗದ್ದ ಇಟ್ಟು ಕಣ್ಣು ನೋಡುವ ಯಂತ್ರದ ಮುಂದೆ ಹುಡುಗಿಯನ್ನು ಕೂರಿಸಿದ ಡಾಕ್ಟರಮ್ಮ ನನಗೂ ನೋಡಲು ಬಿಟ್ಟರು. ಪಳಗದ ಬರಿಗಣ್ಣಿಗೆ ಕಂದು ಕಣ್ಣಿನ ಮೇಲಿನ ಕಂದು ಗೆರೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಯಂತ್ರದಲ್ಲಿ ಅದು ಬೆಳಗುತ್ತಿತ್ತು. ಕರಿಗುಡ್ಡೆಯ ಸುತ್ತ, ಬಿಳಿ ಶುರುವಾಗುವ ಅಂಚಿನಲ್ಲಿ, ಹೊಂಬಣ್ಣಕ್ಕೂ ಕಂದಿಗೂ ನಡುವಿನ ಒಂದು ಬಳೆ. ಯಾರೋ ಕೂತು ಎಳೆದ ಹಾಗೆ ಸಮ.

"ತಾಮ್ರ" ಎಂದರು ಡಾಕ್ಟರಮ್ಮ.

ಇಪ್ಪತ್ತು ವರ್ಷ ಗಾಜಿನ ನಳಿಗೆಗಳಲ್ಲಿ ತಾಮ್ರವನ್ನು ನೀಲಿಯಾಗಿ, ಹಸಿರಾಗಿ ಕಂಡವನು ನಾನು. ನನ್ನ ಮಡಿಲಲ್ಲಿ ಬೆಳೆದ ಹುಡುಗಿಯ ಕಣ್ಣಿನಲ್ಲಿ ಅದನ್ನು ಕಾಣುತ್ತೇನೆಂದು ಎಣಿಸಿರಲಿಲ್ಲ. ದಂಗಾಗಿ ನಿಂತೆ. ದಂಗಾದವನು ಸುಮ್ಮನಿರಬೇಕಿತ್ತು. ಹೊರಗೆ ಬೆಂಚಿನಲ್ಲಿ ಕೂತಿದ್ದ ಭಾವನ ಬಳಿ ಓಡಿ, "ಗೊತ್ತಾಯ್ತು ಭಾವ, ಮೈಲುತುತ್ತು" ಎಂದುಬಿಟ್ಟೆ.

ಭಾವನದು ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯಲ್ಲಿ ಒಂದೂವರೆ ಎಕರೆ ದ್ರಾಕ್ಷಿ ತೋಟ. ಬಳ್ಳಿಗೆ ರೋಗ ಬಾರದಂತೆ ಮೈಲುತುತ್ತು, ಸುಣ್ಣ ಬೆರೆಸಿ ಹೊಡೆಯುತ್ತಾರೆ. ಮೈಲುತುತ್ತೆಂದರೆ ತಾಮ್ರದ ಲವಣ. ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ತಿಕ್ಕಿ ಹೊಳಪು ಮಾಡಿದ ಕುಡುಗೋಲನ್ನು ಡ್ರಮ್ಮಿನಲ್ಲಿ ಅದ್ದಿ ಹಿಡಿಯುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಕುಡುಗೋಲು ಅದ್ದುವ ಕೆಲಸ ದೊಡ್ಡ ಮಗಳದು. ಕಬ್ಬಿಣ ಹೇಗೆ ತಾಮ್ರವನ್ನು ಎಳೆದುಕೊಳ್ಳುತ್ತದೆ ಎಂದು ಅವಳಿಗೆ ವಿವರಿಸಿ, ಆ ಕೆಲಸದ ಹುಚ್ಚು ಹಿಡಿಸಿದವನು ನಾನು. ಹಾಗಾಗಿ ನನ್ನ ಲೆಕ್ಕ ಸಲೀಸಾಗಿ ಕೂಡಿತು: ಡ್ರಮ್ಮಿನ ತಾಮ್ರ ಕೈಗೆ, ಕೈಯಿಂದ ಕಣ್ಣಿಗೆ.

ಡಾಕ್ಟರಮ್ಮ ನನ್ನ ಲೆಕ್ಕ ಕೇಳಿ ಅಲ್ಲವೆಂದು ತಲೆಯಾಡಿಸಿದರು. ತಾಮ್ರ ನಾವೆಲ್ಲರೂ ತಿನ್ನುತ್ತೇವೆ, ಕಾಳಿನಲ್ಲಿ, ಎಳ್ಳಿನಲ್ಲಿ, ಕಡಲೆಕಾಯಿಯಲ್ಲಿ. ಹೆಚ್ಚಾದದ್ದನ್ನು ಲಿವರ್ ಹೊರಗೆ ಹಾಕುತ್ತದೆ. ಈ ಮಗುವಿನ ಲಿವರ್‌ಗೆ ಹುಟ್ಟಿನಿಂದಲೇ ಆ ಬಾಗಿಲಿಲ್ಲ. ಮೊದಲು ಲಿವರ್‌ನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಂಚಿನಲ್ಲಿ ತಾಮ್ರ ಕೂರುತ್ತದೆ. ಬಿಟ್ಟರೆ ಜೀವ ತೆಗೆಯುತ್ತದೆ. ಮಾತ್ರೆಯಿದೆ, ಜೀವನಪೂರ್ತಿ ನುಂಗಬೇಕು. ಇಷ್ಟು ಹೇಳಿ, "ಗಂಡ ಹೆಂಡತಿ ಸಂಬಂಧದಲ್ಲೇನಾ?" ಎಂದು ಕೇಳಿದರು. ಭಾವ ಅಕ್ಕನ ಸೋದರಮಾವನ ಮಗ. "ಹಾಗಾದ್ರೆ ಚಿಕ್ಕ ಮಗಳನ್ನೂ ಕರ್ಕೊಂಡು ಬನ್ನಿ. ತಡ ಮಾಡ್ಬೇಡಿ."

ಊರಿಗೆ ಬಂದ ವಾರದಲ್ಲಿ ಭಾವ ಬಳ್ಳಿಗಳನ್ನು ಬುಡಸಮೇತ ಕಡಿಸಿದ. ನಾನು ಹೋದಾಗ ಬರೀ ಚಪ್ಪರದ ಕಲ್ಲುಕಂಬಗಳು ನಿಂತಿದ್ದವು. ಚಿಕ್ಕವಳ ಮಾತೆತ್ತಿದರೆ, "ಅವ್ಳಿಗ್ಯಾಕಪ್ಪಾ? ತೋಟದ ಕಡೆ ತಲೇನೇ ಹಾಕಿಲ್ಲ. ಬಿಸಿಲು ಅಂದ್ರೆ ಆಗಲ್ಲ ಮಹಾರಾಣಿಗೆ. ವಿಷ ಇದ್ದದ್ದು ತೋಟದಾಗೆ, ಕಿತ್ತಾಕಿದೀನಿ" ಎಂದ.

"ಭಾವ, ಡಾಕ್ಟರು ಹೇಳಿದ್ದು ಬೇರೆ. ನಾನು ಹೇಳಿದ್ದು ತಪ್ಪು."

"ಅವತ್ತು ಆಸ್ಪತ್ರೇಲಿ ಓಡ್ಬಂದು ಹೇಳ್ದೋನು ನೀನೇ. ಇವತ್ತು ತಪ್ಪು ಅಂತೀಯ. ನಾಳೆ ಇನ್ನೇನಂತೀಯ ಮೇಷ್ಟ್ರೇ?"

ಮಗಳ ರಕ್ತದಲ್ಲೇ, ಅಂದರೆ ತನ್ನ ರಕ್ತದಲ್ಲೇ ಇದು ಬಂತು ಎನ್ನುವುದಕ್ಕಿಂತ ತೋಟದಿಂದ ಬಂತು ಎನ್ನುವುದು ಅವನಿಗೆ ಹಗುರ. ಆ ಹಗುರವನ್ನು ಕೊಟ್ಟವನು ನಾನು. ಚಿಕ್ಕವಳು ಏಳನೇ ತರಗತಿಯಲ್ಲಿದ್ದಳು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳ ಕೈ ನಡುಗುತ್ತಿರಲಿಲ್ಲ.

ಆಗ ಯಾರೋ ಹೇಳಿದ ಮಾತು ಎಲ್ಲವನ್ನೂ ತಿರುಗಿಸಿತು. ಅದನ್ನು ಹೇಳಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ಅಲ್ಲ, ಅಕ್ಕ. ಒಲೆಯ ಮುಂದಿನಿಂದ ಎದ್ದು ಬಂದು, ಗಂಡನ ಎದುರು ನಿಂತು ಕೇಳಿದಳು: "ಇಪ್ಪತ್ತು ವರ್ಷದಿಂದ ಔಷಧಿ ಹೊಡೆದೋರು ನೀವು. ಮೈಯೆಲ್ಲಾ ನೀಲಿ ಮಾಡ್ಕೊಂಡು ಬಂದು ಮುದ್ದೆ ಉಂಡೋರು ನೀವು. ನಿಮ್ ಕೈ ಯಾಕ್ರೀ ನಡುಗ್ತಿಲ್ಲ?"

ವಿಶ್ವವಿದ್ಯಾಲಯದಲ್ಲಿ ಕಲಿತ ನನಗೆ ಹೊಳೆಯದ ಪ್ರಶ್ನೆ. ಭಾವ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಕೊನೆಗೆ, "ಕರ್ಕೊಂಡೋಗು" ಎಂದ, ನನ್ನ ಮುಖ ನೋಡದೆ.

ಮೈಯಿಂದ ಎಷ್ಟು ತಾಮ್ರ ಹೊರಬೀಳುತ್ತದೆಂದು ಅಳೆಯುವ ಪರೀಕ್ಷೆಗೆ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಹಿಡಿದು ಒಯ್ಯಬೇಕು. ಚಿಕ್ಕವಳು ಬಸ್ ನಿಲ್ದಾಣದಲ್ಲಿ ಮುಷ್ಕರ ಹೂಡಿದಳು. "ಮಾವ, ಆ ಕ್ಯಾನ್ ಹಿಡ್ಕೊಂಡು ನನ್ ಪಕ್ಕ ಕೂತ್ಕೋಬೇಡ."

"ಯಾರಿಗೂ ಗೊತ್ತಾಗಲ್ಲ ಕಣೇ, ಎಣ್ಣೆ ಅಂದ್ಕೋತಾರೆ."

"ಯಾರಾದ್ರೂ ಯಾವ್ ಎಣ್ಣೆ ಅಂತ ಕೇಳಿದ್ರೆ?"

ಬೆಂಗಳೂರಿನವರೆಗೂ ಅವಳು ಮುಂದಿನ ಸೀಟು, ನಾನು ಕ್ಯಾನಿನೊಡನೆ ಕೊನೆಯ ಸೀಟು.

ವರದಿ ಬಂತು. ಚಿಕ್ಕವಳಿಗೂ ಅದೇ ಕಾಯಿಲೆ. ಲಿವರ್ ಆಗಲೇ ಊದಲು ಶುರುವಾಗಿತ್ತು. ಮೆದುಳನ್ನು ಇನ್ನೂ ಮುಟ್ಟಿರಲಿಲ್ಲ. ಕುಂಟೆಬಿಲ್ಲೆ ಆಡುವ ಕಾಲೊಳಗೆ, ನಗುವ ಮುಖದೊಳಗೆ ಸದ್ದಿಲ್ಲದೆ ಲೋಹ ಕೂಡಿಕೊಳ್ಳುತ್ತಿತ್ತು, ಒಂದು ಕ್ಯಾನು ಅದನ್ನು ಹೇಳಿತು.

ದೊಡ್ಡವಳಿಗೆ ಮಾತ್ರೆ ಶುರುವಾದ ಮೇಲೆ ಮೊದಲ ಕೆಲವು ವಾರ ನಡುಕ ಹೆಚ್ಚೇ ಆಯಿತು. ಲೋಟ ಹಿಡಿಯಲಾಗುತ್ತಿರಲಿಲ್ಲ. ಹೀಗಾಗಬಹುದೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸದಿದ್ದರೆ ನಾವು ಬಿಡಿಸಿಬಿಡುತ್ತಿದ್ದೆವು. ಆಮೇಲೆ ನಿಧಾನವಾಗಿ, ಒಳಗಿನಿಂದ ಯಾರೋ ಗಂಟು ಬಿಚ್ಚುತ್ತಿರುವ ಹಾಗೆ, ಕೈ ನಿಂತಿತು. ಒಂದು ವರ್ಷ ತಡವಾಗಿ ಪರೀಕ್ಷೆ ಬರೆದಳು. ಅಕ್ಷರ ಮೊದಲಿನ ಮುತ್ತಲ್ಲ, ಆದರೆ ಸಾಲಿನ ಮೇಲೇ ಕೂರುತ್ತದೆ. ಭಾವ ಈಗ ಆ ನೆಲದಲ್ಲಿ ರಾಗಿ ಹಾಕುತ್ತಾನೆ. ಬಳ್ಳಿಯ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಅಂದಿನಿಂದ ತಪ್ಪದೆ ಮಾತ್ರೆ ನುಂಗುತ್ತಿರುವ ಚಿಕ್ಕವಳು ಈಗ ಕಾಲೇಜಿಗೆ ಹೋಗುತ್ತಾಳೆ. ದೊಡ್ಡವಳಿಗೆ ಕೈ ನಡುಗಿದ ವಯಸ್ಸನ್ನು ದಾಟಿ ಮೂರು ವರ್ಷವಾಯಿತು. ಅವಳು ಚೆನ್ನಾಗಿದ್ದಾಳೆ ಎಂದು ಬರೆಯುವ ಮೊದಲು ನನ್ನ ಮೇಲೆ ನನಗೇ ಅನುಮಾನ ಬಂದು, ಹೋದ ತಿಂಗಳು ಅವಳೊಡನೆ ಆಸ್ಪತ್ರೆಗೆ ಹೋಗಿ ಫೈಲನ್ನು ಮೊದಲ ಹಾಳೆಯಿಂದ ತಿರುವಿದೆ. ವರ್ಷಕ್ಕೊಂದರಂತೆ ಆರು ಕಣ್ಣಿನ ತಪಾಸಣೆಯ ಹಾಳೆಗಳಿದ್ದವು. ಆರರಲ್ಲೂ, ಬಲಗಣ್ಣಿನ ಎದುರಿಗೂ ಎಡಗಣ್ಣಿನ ಎದುರಿಗೂ ಬರೆದದ್ದು ಒಂದೇ: ಬಳೆ ಇಲ್ಲ.