ಅಡ್ಡಿಲ್ಲೆ ಎಂದ ಬಾಯಿ

ನನ್ನ ಮೊಮ್ಮಗಳು ಈಗ ಹಾಡುವುದಿಲ್ಲ. ಅದಕ್ಕೆ ಕಾರಣ ನಾನು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ. ಸೊಸೆ ಅಂತೂ ‘ಬಿಡಿ ಅತ್ತೆ, ಟೀವಿಯವ್ರ ಆಟ ಅದು’ ಎಂದು ಮಾತು ಮುಗಿಸುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರ ಬಾಯಲ್ಲಿ ಇದು ನಗೆಯ ಕಥೆಯಾಗಿಬಿಟ್ಟಿದೆ.

ನಾವಿರುವುದು ಯಲ್ಲಾಪುರ ಪೇಟೆಯಲ್ಲಿ. ಮೊಮ್ಮಗಳ ಸಂಗೀತದ ಪಾಠ ಶಿರಸಿಯಲ್ಲಿ. ಐದು ವರ್ಷ, ಭಾನುವಾರ ಭಾನುವಾರ, ಬೆಳಗಿನ ಬಸ್ಸು ಹತ್ತಿ ಅವಳ ಜೊತೆ ಹೋದವಳು ನಾನು. ಮೇಷ್ಟ್ರ ಮನೆಯ ಜಗುಲಿಯಲ್ಲಿ ಕೂತು ಕೇಳಿ ಕೇಳಿ ನನಗೂ ಯಮನ್ ರಾಗ ಯಾವುದು, ಭೂಪ್ ಯಾವುದು ಎಂದು ಗೊತ್ತಾಗತೊಡಗಿತ್ತು. ಅವಳು ಎಲ್ಲಿ ತಪ್ಪುತ್ತಾಳೆ ಎಂಬುದೂ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಅದನ್ನೇ ಹೇಳುತ್ತಿದ್ದೆ. ತಪ್ಪದೆ ಹಾಡಿದ ದಿನ ಏನೂ ಹೇಳುತ್ತಿರಲಿಲ್ಲ. ಬಹಳ ಚೆನ್ನಾಗಿ ಹಾಡಿದ ದಿನ ‘ಅಡ್ಡಿಲ್ಲೆ’ ಎನ್ನುತ್ತಿದ್ದೆ.

ಈ ಮಾತನ್ನು ನಮ್ಮ ಕಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ಅಡ್ಡಿ ಇಲ್ಲ ಎಂದರೆ ಬೇರೆ ಕಡೆ ಹೇಗೋ ನಡೆಯುತ್ತದೆ ಎಂದರ್ಥ. ನಮ್ಮ ಮನೆಗಳಲ್ಲಿ ಅದಕ್ಕಿಂತ ಮೇಲಿನ ಹೊಗಳಿಕೆಯೇ ಇಲ್ಲ. ಹೋಳಿಗೆ ಎಷ್ಟು ಚೆನ್ನಾಗಿದ್ದರೂ ಅಡ್ಡಿಲ್ಲೆ. ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯವರು ಹೇಳಿಕಳಿಸಿದ್ದೂ ಅಷ್ಟೇ, ‘ಕೂಸು ಅಡ್ಡಿಲ್ಲೆ’. ಹುಡುಗಿಗೆ ನಮ್ಮಲ್ಲಿ ಕೂಸು ಎನ್ನುವುದು, ‘ಅದು ಬಂತು, ಅದು ಹೋತು’ ಎಂದೇ ಮಾತಾಡುವುದು. ಆ ಒಂದು ಅಡ್ಡಿಲ್ಲೆಯ ಮೇಲೆ ನಮ್ಮ ಯಜಮಾನರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೆ. ಸಾಯುವವರೆಗೂ ಅವರು ಎರಡನೇ ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಾಠದ ಕೊನೆಯ ವರ್ಷ ಮೊಮ್ಮಗಳು ಬಸ್ಸಿನಲ್ಲಿ ಒಂದು ಇಂಗ್ಲಿಷ್ ಕಥೆ ಪುಸ್ತಕ ಓದುತ್ತಿದ್ದಳು. ಹುಬ್ಬಳ್ಳಿಯಲ್ಲಿ ಹಳೇ ಪುಸ್ತಕದ ರಾಶಿಯಿಂದ ಹೆಕ್ಕಿ ತಂದದ್ದು. ಹದಿನಾರು ಹದಿನೇಳರ ಮಕ್ಕಳಿಗೆಂದೇ ಬರೆದದ್ದಂತೆ. ಬರೆದವಳು ಅಮೆರಿಕದವಳು, ಆದರೆ ಅವಳ ಹಿರಿಯರು ಅದರ ಕೆಳಗಿನ ದೇಶದಿಂದ ಬಂದವರು, ಮನೆಮಾತು ಸ್ಪ್ಯಾನಿಷ್. ಅಂಥ ಹೆಂಗಸರಿಗೆ ಲ್ಯಾಟಿನಾ ಎನ್ನುತ್ತಾರಂತೆ. ಹಿಂದಿನ ರಟ್ಟಿನ ಮೇಲೆ ಫೋಟೋ ಇತ್ತು. ದಪ್ಪ ಕೂದಲಿನ, ಕಂದು ಮೈಯ ಹೆಂಗಸು. ನಮ್ಮ ಬಸ್ಸಿನಲ್ಲಿ ಬಂದು ಕೂತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕಥೆಯಲ್ಲೂ ಒಬ್ಬಳು ಹುಡುಗಿ, ಟೀವಿಯ ಹಾಡಿನ ಸ್ಪರ್ಧೆಗೆ ಹೋಗುತ್ತಾಳೆ. ಅವಳ ಮನೆಯಲ್ಲೂ ಒಬ್ಬಳು ಅಜ್ಜಿ. ಮೊಮ್ಮಗಳು ಓದಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಾ ಬರುತ್ತಿದ್ದಳು. ಒಂದು ದಿನ ನಾನು ಪುಟ ಇಣುಕಿದೆ.

‘ಇದೆಂತಕೆ, ಕೆಲವು ಅಕ್ಷರ ವಾಲ್ಕಂಡಿದ್ದು?’

‘ಅದು ಅಜ್ಜಿ ಮಾತು, ಅಮ್ಮಮ್ಮ. ಸ್ಪ್ಯಾನಿಷ್ಸು.’

‘ಅರ್ಥ ಎಂತ?’

‘ಬರದ್ದಿಲ್ಲೆ. ಓದ್ತಾ ಹೋದ್ರೆ ಗೊತ್ತಾಗ್ತು.’

‘ಗೊತ್ತಾಗ್ದಿದ್ರೆ?’

‘ಗೊತ್ತಾಗ್ದಿದ್ರೆ ಅದು ಅಜ್ಜಿ ತಪ್ಪಲ್ಲ’ ಎಂದು ನಕ್ಕಳು.

ಆ ಕಥೆಯಲ್ಲಿ ಟೀವಿಯವರು ಹುಡುಗಿ ಎಲ್ಲೋ ಅತ್ತದ್ದನ್ನು ತಂದು ಇನ್ನೆಲ್ಲೋ ಅಂಟಿಸುತ್ತಾರೆ. ಮೊಮ್ಮಗಳೂ ಅಂಥದೇ ಒಂದು ಟೀವಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ‘ಹಿಂಗೆಲ್ಲ ಮಾಡ್ತ ಹೇಳಾದ್ರೆ ನಿಂಗೆಂತಕೆ ಆ ಸ್ಪರ್ಧೆ?’ ಎಂದು ಕೇಳಿದೆ. ‘ಎಲ್ಲರೂ ಕೇಳ್ತ, ಅಮ್ಮಮ್ಮ’ ಎಂದಳು. ಐದು ವರ್ಷ ಅವಳ ಹಾಡು ಕೇಳಿದವರು ಮೇಷ್ಟ್ರು ಮತ್ತು ನಾನು. ಇಬ್ಬರೂ ಹೊಗಳುವ ಪೈಕಿ ಅಲ್ಲ. ಅದನ್ನು ನಾನು ಆಗಲೇ ಯೋಚನೆ ಮಾಡಬೇಕಿತ್ತು.

ಹುಬ್ಬಳ್ಳಿಯಲ್ಲಿ ಹಾಡಿಸಿ ನೋಡಿ ಅವಳನ್ನು ಆರಿಸಿದರು. ಬೆಂಗಳೂರಿಗೆ ಹೋಗುವ ಮೊದಲು ಟೀವಿಯವರು ಮನೆಯ ಚಿತ್ರ ತೆಗೆಯಲು ಬರುವವರಿದ್ದರು. ಅವತ್ತು ಬೆಳಿಗ್ಗೆ ನಾನು ದೋಸೆ ಹೊಯ್ಯುವಾಗ ಪಕ್ಕಕ್ಕೆ ಬಂದು ನಿಂತಳು.

‘ಹೆಂಗೆ ಹಾಡ್ತು ಹೇಳಿ ಕೇಳ್ತ. ಅಡ್ಡಿಲ್ಲೆ ಹೇಳಡ, ಆತಾ? ಚೆಂದ ಹಾಡ್ತು ಹೇಳು.’

‘ಹೇಳ್ತೆ ಮಾರಾಯ್ತಿ. ದೋಸೆ ತಿನ್ನು.’

‘ಒಂದ್ಸಲ ಹೇಳಿ ತೋರ್ಸು.’

‘ಅವ್ರು ಬಂದಾಗ ಹೇಳ್ತೆ’ ಎಂದೆ. ಹೇಳಿ ತೋರಿಸಲಿಲ್ಲ.

ಬಂದವರಲ್ಲಿ ಮುಖ್ಯದವಳು ಬೆಂಗಳೂರಿನ ಹುಡುಗಿ. ಮರ್ಯಾದೆಯವಳೇ, ಕಾಲಿಗೂ ಬಿದ್ದಳು. ಅಡುಗೆಮನೆಯಲ್ಲಿ ಗ್ಯಾಸು, ಮಿಕ್ಸರು ನೋಡಿ ಅವಳ ಮುಖ ಸಪ್ಪಗಾಯಿತು. ‘ಅಜ್ಜಿ, ಸೌದೆ ಒಲೆ ಇಲ್ವಾ?’ ಎಂದಳು. ‘ಬಚ್ಚಲಲ್ಲಿದ್ದು, ಮೀಯ ನೀರು ಕಾಸಲೆ’ ಎಂದೆ. ಅವಳಿಗೆ ಖುಷಿಯಾಯಿತು. ನನ್ನನ್ನು ಬಚ್ಚಲೊಲೆಯ ಮುಂದೆ ಕೂರಿಸಿ, ಹಂಡೆ ಇಳಿಸಿ, ಅನ್ನದ ಪಾತ್ರೆ ಇಡಿಸಿದರು. ಬಚ್ಚಲಲ್ಲಿ ಅನ್ನ ಬೇಯಿಸುವುದು ನಾನು ಹುಟ್ಟಿದ ಮೇಲೆ ಅದೇ ಮೊದಲು. ‘ಊದಿ ಅಜ್ಜಿ, ಇನ್ನೂ ಸ್ವಲ್ಪ ಹೊಗೆ ಬರಲಿ’ ಎನ್ನುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ಊದಿಸಿದರು. ಮೊಮ್ಮಗಳು ಬಾಗಿಲ ಹತ್ತಿರ ನಿಂತು, ಸುಮ್ಮನೆ ಮಾಡು ಎಂಬಂತೆ ನನಗೆ ಕೈಸನ್ನೆ ಮಾಡುತ್ತಿದ್ದಳು.

‘ಅಜ್ಜಿ, ಮೊಮ್ಮಗಳು ಹೇಗೆ ಹಾಡ್ತಾಳೆ? ಸ್ವಲ್ಪ ಎಮೋಷನಲ್ ಆಗಿ ಹೇಳಿ.’

ಚೆಂದ ಎಂಬ ಆ ಶಬ್ದ ನನ್ನ ನಾಲಿಗೆಯ ಮೇಲೇ ಇತ್ತು. ನಾನು ಹೇಳಿದ್ದು, ‘ಅದು ಹಾಡ್ತು. ಅಡ್ಡಿಲ್ಲೆ.’

ಮಕ್ಕಳನ್ನು ಎದುರೆದುರು ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ಹೆದರಿ ಹಾಗೆ ಹೇಳಿದೆ ಎಂದು ಸೊಸೆ ಜನರಿಗೆ ಹೇಳುತ್ತಾಳೆ. ಸುಳ್ಳು. ನನಗೆ ಸಿಟ್ಟು ಬಂದಿತ್ತು. ಬಚ್ಚಲಲ್ಲಿ ಕೂರಿಸಿ ಕಣ್ಣೀರು ತರಿಸಿದವರು ಹೇಳು ಎಂದ ಕೂಡಲೇ ನಾನು ಯಾಕೆ ಹೇಳಬೇಕು ಎಂಬ ಹಠ. ಎದುರಿಗಿದ್ದವರು ಟೀವಿಯವರು, ಆದರೆ ಆ ಮಾತು ಬೇಕೆಂದು ಕೇಳಿದವಳು ಮೊಮ್ಮಗಳು. ಅದು ನನಗೆ ಹೊಳೆಯಲಿಲ್ಲ.

ಆಮೇಲೆ ಇನ್ನೊಂದು ಮಾತೂ ಹೇಳಿದ್ದೆ. ಅದು ಹಾಡುತ್ತಿದ್ದರೆ ಹಾಲು ಉಕ್ಕಿದ್ದೂ ನನಗೆ ಗೊತ್ತಾಗುವುದಿಲ್ಲ ಎಂದು. ಅದನ್ನು ಅವರು ಕತ್ತರಿಸಿದರು. ಕತ್ತರಿಸಿದ್ದು ಅವರ ತಪ್ಪು ಎಂದು ನಾನು ಪಾರಾಗುವ ಹಾಗಿಲ್ಲ. ನನ್ನ ಹತ್ತಿರ ಅವಳು ಕೇಳಿದ್ದು ಹಾಲಿನ ಸುದ್ದಿಯಲ್ಲ.

ತಾಯಿಯ ಜೊತೆ ಬೆಂಗಳೂರಿಗೆ ಹೋಗಿ ನಾಲ್ಕನೇ ದಿನ ವಾಪಸು ಬಂದಳು. ‘ಆಗಲ್ಲೆ’ ಎಂದಷ್ಟೇ ಹೇಳಿ ಮೀಯಲು ಹೋದಳು. ಯಾಕೆ ಆಗಲಿಲ್ಲ ಎಂದು ತಾಯಿಯೂ ಹೇಳಲಿಲ್ಲ. ಕೆಲವು ವಾರ ಕಳೆದು ಅದು ಟೀವಿಯಲ್ಲಿ ಬಂತು. ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲೇ ಸೇರಿದ್ದರು. ಅವಳು ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಿದ್ದಳು.

ಮೊದಲು ಹೊಗೆ, ಆಮೇಲೆ ನನ್ನ ಮುಖ. ‘ಅದು ಹಾಡ್ತು. ಅಡ್ಡಿಲ್ಲೆ.’ ಕೆಳಗೆ ಹಳದಿ ಅಕ್ಷರದಲ್ಲಿ, ‘ಪರವಾಗಿಲ್ಲ, ಏನೋ ಹಾಡುತ್ತೆ’. ಜೊತೆಗೆ ಟೊಂಯ್ ಎಂದು ಒಂದು ಸದ್ದು. ವೇದಿಕೆಯ ದೊಡ್ಡ ಪರದೆಯಲ್ಲೂ ಅದನ್ನೇ ತೋರಿಸಿದ್ದರು, ಅವಳು ಹಾಡುವುದಕ್ಕೆ ಮೊದಲು. ಜನ ಬಿದ್ದು ಬಿದ್ದು ನಕ್ಕರು. ತೀರ್ಪು ಹೇಳುವವರಲ್ಲಿ ಒಬ್ಬರು, ‘ಅಜ್ಜಿಗೇ ನಂಬಿಕೆ ಇಲ್ಲ, ನಮ್ಗೇನಮ್ಮ ಹೇಳ್ತೀಯಾ?’ ಎಂದರು. ಅವಳೂ ನಕ್ಕಳು. ಆಮೇಲೆ ಹಾಡಿದಳು. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆಯಿತು. ಐದು ವರ್ಷದಲ್ಲಿ ಆ ಜಾಗದಲ್ಲಿ ಅವಳು ತಪ್ಪಿದ್ದನ್ನು ನಾನು ಕೇಳಿರಲಿಲ್ಲ.

ಜನ ಎದ್ದು ಹೋದ ಮೇಲೆ ನಾನೇ ಮಾತು ತೆಗೆದೆ.

‘ಅಡ್ಡಿಲ್ಲೆ ಹೇಳಿದ್ರೆ ಎಂತ ಹೇಳಿ ನಿಂಗೆ ಗೊತ್ತಿಲ್ಯ?’

‘ಯಂಗೆ ಗೊತ್ತಿದ್ದು. ಅವಕ್ಕೆ ಗೊತ್ತಿಲ್ಲೆ.’

‘ಅವಕ್ಕೆ ಗೊತ್ತಾಗ್ದಿದ್ರೆ...’

‘ಅವಕ್ಕಾಗಿ ಕೇಳಿದ್ದಲ್ಲ ಅಮ್ಮಮ್ಮ’ ಎಂದಳು. ದನಿ ಏರಿಸಲಿಲ್ಲ. ‘ಟೀವಿಯವ್ರ ಎದುರಿಗಾದ್ರೂ ನೀನು ಹೇಳ್ತೆ ಹೇಳಿ ತಿಳ್ಕಂಡಿದ್ದಿ ಆನು.’

ನಾನು ಎಲೆಅಡಿಕೆ ಹಾಕಿಕೊಂಡೆ.

ಆ ತುಣುಕು ಎಲ್ಲರ ಮೊಬೈಲಿಗೆ ಬಂತು. ಬೆಂಗಳೂರಿನವರು ಅರ್ಥ ಗೊತ್ತಿಲ್ಲದೆ ನಕ್ಕರು. ನಮ್ಮವರು ಅರ್ಥ ಗೊತ್ತಿದ್ದೂ ನಕ್ಕರು. ಸಿದ್ದಾಪುರದಲ್ಲಿ ಒಂದು ಮದುವೆ ಮನೆಗೆ ಹೋದರೆ ಬಡಿಸುವವನು ಪಾಯಸದ ಸೌಟು ಹಿಡಿದು ‘ಎಂತ ತಂಗಿ, ಪಾಯಸ ಅಡ್ಡಿಲ್ಯ?’ ಎಂದು ಕೇಳಿದ. ಇಡೀ ಪಂಕ್ತಿ ನಕ್ಕಿತು. ಅವಳು ಎಲೆ ಮಡಚಿ ಎದ್ದಳು. ಮುಂದಿನ ಭಾನುವಾರ ನಾನು ಸೀರೆ ಉಟ್ಟು ಹೊರಟು ನಿಂತರೆ ಅವಳು ಬಟ್ಟೆ ಒಗೆಯುತ್ತಿದ್ದಳು. ‘ಆನು ಬರ್ತಿಲ್ಲೆ’ ಎಂದಳು. ಶಿರಸಿಯ ಮೇಷ್ಟ್ರು ಎರಡು ಸಲ ಫೋನು ಮಾಡಿದರು. ಮೂರನೇ ಸಲ ಮಾಡಲಿಲ್ಲ.

ಪುಸ್ತಕವನ್ನೂ ಅಲ್ಲಿಗೇ ಬಿಟ್ಟಳು. ನಡುವೆ ಬಸ್ಸಿನ ಟಿಕೀಟು ಇಟ್ಟದ್ದು ಹಾಗೇ ಇದೆ. ಕಥೆಯ ಹುಡುಗಿ ಗೆದ್ದಳೋ ಸೋತಳೋ ನನಗೆ ಗೊತ್ತಿಲ್ಲ, ಕೇಳುವ ಬಾಯಿಯೂ ನನಗಿಲ್ಲ. ಒಮ್ಮೊಮ್ಮೆ ತೆಗೆದು ವಾಲಿದ ಅಕ್ಷರಗಳನ್ನು ನೋಡುತ್ತೇನೆ. ಅದನ್ನು ಬರೆದ ಹೆಂಗಸು ಅಜ್ಜಿಯ ಮಾತಿನ ಕೆಳಗೆ ಏನೂ ಬರೆಯದೆ ಬಿಟ್ಟಿದ್ದಾಳೆ. ನನ್ನ ಮಾತಿನ ಕೆಳಗೆ ಹಳದಿಯಲ್ಲಿ ಬರೆದರು. ಆದರೆ ಬರೆಯದೆ ಬಿಟ್ಟಿದ್ದರೂ ಮೊಮ್ಮಗಳಿಗೆ ಬೇಕಾದ ಮಾತು ಅದಾಗಿರಲಿಲ್ಲ.

ಒಂದೇ ಒಂದು ಸಲ ಮತ್ತೆ ಕೇಳಿದೆ. ಹೋದ ಚಳಿಗಾಲ. ಮೀಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಹಾಡುತ್ತಿದ್ದಳು. ಯಮನ್. ಮನೆಯಲ್ಲಿ ಯಾರೂ ಇಲ್ಲ ಎಂದು ತಿಳಿದಿದ್ದಳು. ನಾನು ಬಚ್ಚಲ ಬಾಗಿಲಿನ ಹೊರಗೆ ನಿಂತೆ. ಮೇಲಿನ ಷಡ್ಜ ಸರಿಯಾಗಿ ಬಂತು. ಈ ಸಲ ತಡಮಾಡಬಾರದು ಎಂದು ಆ ಶಬ್ದವನ್ನು ಬಾಯಲ್ಲಿ ಕೂಡಿಸಿಕೊಂಡೇ ಕಾದೆ. ಅವಳು ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದವಳು ನನ್ನನ್ನು ನೋಡಿ ನಿಂತಳು.

‘ಚೆಂದ ಹಾಡ್ತೆ’ ಎಂದೆ.

ಅವಳು ನಗಲಿಲ್ಲ, ಅಳಲೂ ಇಲ್ಲ. ‘ಅಡ್ಡಿಲ್ಲೆ ಅಮ್ಮಮ್ಮ, ಬಿಡು’ ಎಂದಳು. ಒದ್ದೆ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಈಗ ಅವಳು ಮೀಯಲು ಹೋದರೆ ನೀರಿನ ಸದ್ದು ಮಾತ್ರ ಕೇಳುತ್ತದೆ. ನಾನು ದೂರ ಹೋಗಿ ಕೂತರೂ ಅಷ್ಟೇ.