ಬುತ್ತಿಗಿಂತ ಮೊದಲ ಸತ್ತ ರಾಜ

ರಾಮದುರ್ಗದ ಚರ್ಚಿನ ರಜಾ ಶಿಬಿರದಾಗ ಮಕ್ಕಳಿಗೆ ಒಂದು ಸಾಹಸದ ಕತಿ ಓದಿ ಹೇಳಾಕ ಹೋಗಿದ್ದೆ. ರಾಕ್ಷಸರ ಕತ್ತಲಕೋಟೆಯೊಳಗ ಸಿಕ್ಕ ಹುಡುಗರನ್ನ ಬಿಡಿಸಾಕ, ಕುರಿ ಕಾಯೋ ರಾಜ ಏಸುಸ್ವಾಮಿಯಂಗ ತನ್ನ ಜೀವಾನ ಕೊಡತಾನ. ಅವ ಸತ್ತಲ್ಲಿಗೆ ಪುಸ್ತಕ ಮುಚ್ಚಿ, "ಉಳಿದದ್ದು ನಾಳೆ. ಈಗ ಬುತ್ತಿ ಬಿಚ್ಚ್ರಿ," ಅಂದೆ.

ಒಬ್ಬರೂ ಬಿಚ್ಚಲಿಲ್ಲ. ಮಕ್ಕಳು ಅಂಜಿದ್ರೇನೋ ಅಂದ್ಕೊಂಡೆ.

"ಯಾಕವ್ವಾ, ಹಸಿವಿಲ್ಲೇನು?" ಅಂತ ಮುಂದ ಕುಂತಿದ್ದ ಕಸ್ತೂರಿಯನ್ನ ಕೇಳಿದೆ.

ಆಕಿ ನನ್ನ ಕಟುಕರನ್ನ ನೋಡಿದಂಗ ನೋಡಿದ್ಲು. "ಹೆಣಾ ಇನ್ನೂ ಅಲ್ಲೇ ಐತಿ. ಮಣ್ಣ ಕೊಡೂತನಕ ಹೆಂಗ ಉಣ್ಣೂದ್ರಿ, ಅಕ್ಕಾರ?"

ಬೆಚ್ಚಿಬಿದ್ದು, ಗಡಬಡಿಸಿ ಮತ್ತ ಪುಸ್ತಕ ತೆಗೆದೆ. ಮಣ್ಣೂ ಆತು, ರಾಜ ಎದ್ದೂ ಬಂದ. ಆಗ ಡಬ್ಬಿಗಳು ಬಿಚ್ಚಿದವು. ಕಸ್ತೂರಿ ಅರ್ಧ ರೊಟ್ಟಿ ಮುರಿದು ಬಾಜೂಕ ಇಟ್ಟಳು.

"ಸತ್ತು ಎದ್ದು ಬಂದ ರಾಜರೂ ಹಸದಿರತಾರಲ್ರಿ."

ಆ ಪುಸ್ತಕ ಬರದವರಿಗೆ ಇದೊಂದು ಹೊಳದಿರಲಿಲ್ಲ.