ಒಕ್ರಾನಕ್ಕನ ಸರಿ ರಕ್ತ

ಕೊರಿಯಾದ ಜೊಂಜು ಊರಿನ ನಮ್ಮ ಪ್ರಯೋಗಾಲಯದಲ್ಲಿ ಪ್ಯೋ ಒಕ್ರಾನಕ್ಕನ ರಕ್ತವೇ ಅಳತೆಗೋಲು. ರೋಗಿಯ ರಕ್ತ ಎಷ್ಟು ಕೆಟ್ಟಿದೆ ಎಂದು ಹೇಳಬೇಕಾದರೆ ಪಕ್ಕದಲ್ಲಿ ಆರೋಗ್ಯವಂತರ ರಕ್ತ ಇರಬೇಕಲ್ಲ. ಅದಕ್ಕೆಂದು ಊರೆಲ್ಲ ಯಾರು ಸುತ್ತುತ್ತಾರೆ? ತೋಳು ಚಾಚುವವರು ನಾವೇ. ನನ್ನ ರಕ್ತ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತಿತ್ತು. ಅಕ್ಕನದು ವರ್ಷಗಟ್ಟಲೆ ಕದಲಿರಲಿಲ್ಲ. ಪ್ರತಿ ವಸಂತದಲ್ಲಿ ಅವಳು ರಕ್ತ ಕೊಟ್ಟ ದಿನ ಪ್ರೊಫೆಸರ್ ನಾಮ್‌ಗುಂಗ್ ಮೊಳಕೆಕಾಳಿನ ಬಿಸಿ ಸಾರು-ಅನ್ನ ಕೊಡಿಸುವುದು ರೂಢಿ. ಇವಳು ನಾಚಿಕೆಯಿಲ್ಲದೆ ಎರಡನೇ ಬಟ್ಟಲು ಕೇಳುವುದೂ ರೂಢಿಯೇ.

ನಮ್ಮ ಜೀವಕೋಶಗಳೊಳಗೆ ಜಾಗ ಬದಲಿಸುವ ಜೀನ್ ತುಣುಕುಗಳಿವೆ. ತಮ್ಮ ನಕಲು ತೆಗೆದು ಕಂಡಕಂಡಲ್ಲಿ ನುಗ್ಗುವ ಜಾತಿ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಮೇಲೆ ಕೂತು ಅವನ್ನು ಸುಮ್ಮನಿರಿಸುತ್ತದೆ. ಕ್ಯಾನ್ಸರಿನಲ್ಲಿ ಎಷ್ಟೋ ಕಡೆ ಈ ಗುರುತು ಕಳಚಿಹೋಗುತ್ತದೆ. ಉಳಿದದ್ದೆಷ್ಟು ಎಂದು ನೋಡುವುದು ನಮ್ಮ ಕೆಲಸ. ಅದಕ್ಕೆ ಡಿಎನ್‌ಎಯನ್ನು ರಾಸಾಯನಿಕದಲ್ಲಿ ನೆನೆಸಿ ಹದಮಾಡುವುದು ಅಕ್ಕನ ಕೆಲಸ. ಹೆಚ್ಚು ಹೊತ್ತು ಬಿಟ್ಟರೆ ಇದ್ದ ಗುರುತೂ ಇಲ್ಲದಂತೆ ಕಾಣುತ್ತದೆ. ಮನೆಯ ಸಾರಿಗೆ ಉಪ್ಪು ಜಾಸ್ತಿ ಹಾಕೇನು, ಟ್ಯೂಬಿನಲ್ಲಿ ತಪ್ಪಲಾರೆ ಎಂದು ಅವಳಿಗೆ ಭಾರಿ ಜಂಬ. ಜಂಬಪಡುವ ಕೈಯೇ ಅದು, ಸುಳ್ಳೇಕೆ ಹೇಳಲಿ.

ಹೋದ ವಸಂತದಲ್ಲಿ ಅವಳ ಟ್ಯೂಬಿನ ಅಂಕಿ ಇಳಿಯಿತು. ಮತ್ತೆ ಮಾಡಿದಳು, ಮತ್ತೆ ಇಳಿಯಿತು. ಯಂತ್ರದ ದೋಷ ಎಂದಳು. ಪ್ರೊಫೆಸರ್ ಎಲ್ಲರೆದುರೇ ನಕ್ಕರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ವಯಸ್ಸಾಯ್ತು ಪ್ಯೋ ಅವರೇ, ಕೈ ಸೋತಿರುತ್ತೆ."

ನನಗೆ ಮೈಯೆಲ್ಲ ಉರಿಯಿತು. ಇನ್ನು ಮುಂದೆ ವಿದ್ಯಾರ್ಥಿನಿ ಹೇರಿಯ ರಕ್ತವನ್ನೇ ಅಳತೆಗೆ ಇಡುವುದೆಂದು ತೀರ್ಮಾನವಾಯಿತು. ಹದಮಾಡುವ ಕೆಲಸವನ್ನೂ ಬೇರೆಯವರಿಗೆ ಕೊಡುವ ಮಾತು ಬಂತು. ಅಕ್ಕ ಊಟಕ್ಕೂ ಬರಲಿಲ್ಲ. ಕೊನೆಗೆ ಒಂದೇ ಒಂದು ಅವಕಾಶ ಕೇಳಿದಳು: ಹೇರಿಯ ರಕ್ತವನ್ನೂ ತನ್ನದನ್ನೂ ಹೊಸದಾಗಿ ತೆಗೆದು, ಎರಡನ್ನೂ ತಾನೇ ಒಟ್ಟಿಗೆ ಹದಮಾಡುತ್ತೇನೆ, ಆಮೇಲೆ ಏನು ಬೇಕಾದರೂ ಅನ್ನಿ.

ದಿನಬೆಳಗಾದರೆ ರೋಗಿಗಳ ಅಂಕಿ ನೋಡುವವರು ನಾವು. ಆದರೂ ಅಳತೆಯ ಟ್ಯೂಬು ಇಳಿದಿದೆ ಎಂದರೆ ಕೆಲಸ ಕೆಟ್ಟಿದೆ ಎಂದಷ್ಟೇ ನಮಗೆ ಹೊಳೆಯುವುದು. ಆ ಟ್ಯೂಬಿನ ಹಿಂದೆಯೂ ಒಂದು ಜೀವವಿದೆ ಎಂದು ಯಾರ ತಲೆಗೂ ಹೋಗಲಿಲ್ಲ.

ಮಾರನೆಯ ದಿನ ಎಲ್ಲರೂ ಪರದೆಯ ಮುಂದೆ ನಿಂತೆವು. ಹೇರಿಯ ಅಂಕಿ ಇರಬೇಕಾದಲ್ಲೇ ಇತ್ತು. ಅಕ್ಕನದು ಇನ್ನೂ ಕೆಳಗೆ.

"ನೋಡಿದ್ರಾ ಸರ್? ನನ್ನ ಕೈಗೆ ಏನೂ ಆಗಿಲ್ಲ," ಎಂದು ಅಕ್ಕ ಮುಖ ಅರಳಿಸಿ ನಮ್ಮೆಲ್ಲರತ್ತ ತಿರುಗಿದಳು.

ಯಾರೂ ನಗಲಿಲ್ಲ. ಪ್ರೊಫೆಸರ್ ಕನ್ನಡಕ ತೆಗೆದರು. "ಪ್ಯೋ ಅವರೇ, ಈಗ್ಲೇ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ," ಎಂದರು. ಅವಳು ಮತ್ತೊಮ್ಮೆ ಪರದೆ ನೋಡಿದಳು. ಆಮೇಲೆ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತಳು. ನನಗೆ ಅಳು ತಡೆಯಲಾಗಲಿಲ್ಲ.

ರಕ್ತದ ಕ್ಯಾನ್ಸರೇ. ಬೇಗ ಸಿಕ್ಕಿದೆ, ಮಾತ್ರೆಗೆ ಬಗ್ಗುತ್ತದೆ ಎಂದರು ಡಾಕ್ಟರು. ಈ ವಸಂತಕ್ಕೆ ಅಕ್ಕ ಕೆಲಸಕ್ಕೆ ಮರಳಿದ್ದಾಳೆ. ತನ್ನ ಟ್ಯೂಬನ್ನು ರೋಗಿಗಳ ಸಾಲಿನಲ್ಲಿ ತಾನೇ ಇಟ್ಟಳು. ಹೇರಿ ಸಹಾಯಕ್ಕೆ ಕೈ ಚಾಚಿದ್ದಕ್ಕೆ, "ಬೇಡ ಮಗಳೇ, ಇದನ್ನ ನಾನೇ ಮಾಡ್ತೀನಿ," ಎಂದಳು.

ಪ್ರೊಫೆಸರ್ ಸಾರು-ಅನ್ನ ಕೊಡಿಸಿದರು, ಕೇಳುವ ಮೊದಲೇ ಎರಡು ಬಟ್ಟಲು ತರಿಸಿದರು. ಅಕ್ಕ ಮೊದಲನೆಯದನ್ನೇ ಅರ್ಧ ಬಿಟ್ಟಳು.